ಗಂಜಿನ ಲೆಕ್ಕಿಗನ ಹಡಗಿನ ಲೆಕ್ಕ

ನಮ್ಮ ಕಡೆಯವರಿಗೆ ನೀರಿನ ಮೇಲಿನ ಪ್ರಯಾಣ ಅಂದರೆ ಹರಿಗೋಲು. ಆತ್ಕೂರಿನ ದಂಡೆಯಿಂದ ಕುರುವಪುರಕ್ಕೆ ಕೃಷ್ಣೆ ದಾಟುವಾಗ ‘ಅಲುಗಾಡಬ್ಯಾಡ್ರಿ, ಸುಮ್ಮನ ಕೂಡ್ರಿ’ ಎಂದು ಅಂಬಿಗನಿಂದ ಬೈಸಿಕೊಳ್ಳದವರು ಕಡಿಮೆ. ಸಮುದ್ರದ ಹಡಗು ಹತ್ತಿ ಬಂದವರು ಬೇಕೆಂದರೆ ಹಳೆಯ ಹಾಜಿಗಳನ್ನು ಹುಡುಕಬೇಕು. ರೈಲಿನಲ್ಲಿ ಮುಂಬೈಗೆ ಹೋಗಿ, ಅಲ್ಲಿಂದ ಮೊಗಲ್ ಲೈನ್ ಕಂಪನಿಯ ಹಡಗಿನಲ್ಲಿ ಜಿದ್ದಾ ಸೇರುತ್ತಿದ್ದ ಕಾಲ ಅದು. ಆ ಹಡಗಿನ ಯಾತ್ರೆ 1995ರಲ್ಲಿ ನಿಂತಿತು. ಆಮೇಲೆ ಬಹಳ ವರ್ಷ ರಾಯಚೂರಿನವರ ಬಾಯಲ್ಲಿ ಹಡಗಿನ ಸುದ್ದಿಯೇ ಇರಲಿಲ್ಲ.

ಈಗ ಮತ್ತೆ ಶುರುವಾಗಿದೆ. ಮಗಳ ಮದುವೆ ಮುಗಿಸಿದವರು, ನಿವೃತ್ತಿಯ ದುಡ್ಡು ಕೈಗೆ ಬಂದ ಮೇಷ್ಟ್ರು, ಹೊಸದಾಗಿ ಮದುವೆಯಾದವರು ‘ಕ್ರೂಸ್’ ಎಂದು ಮಾತು ತೆಗೆಯುತ್ತಾರೆ. ನಾನು ರಾಯಚೂರಿನ ರಾಜೇಂದ್ರ ಗಂಜಿನ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಊರು ಮಾನ್ವಿ, ಹೆಂಡತಿಯ ತವರು ದೇವದುರ್ಗ. ನಾವಿಬ್ಬರೂ ಒಮ್ಮೆ ಹೋಗಿ ಬಂದೆವು ಎಂಬ ಒಂದೇ ಕಾರಣಕ್ಕೆ ಈಗ ಎರಡೂ ತಾಲೂಕಿನ ನೆಂಟರಿಗೆಲ್ಲ ನಾನೇ ಹಡಗಿನ ಸಲಹೆಗಾರ. ಎಲ್ಲರದೂ ಒಂದೇ ಪ್ರಶ್ನೆ: ಕಡಿಮೆ ರೊಕ್ಕಕ್ಕೆ ಎಲ್ಲಿ ಸಿಗ್ತದ?

ಆಫರ್ ಹುಡುಕುವುದಕ್ಕಿಂತ ಮೊದಲು ರೈಲಿನ ನಕ್ಷೆ ನೋಡಿ ಎನ್ನುತ್ತೇನೆ ನಾನು. ಮುಂಬೈ ಕಡೆಯಿಂದ ಬಂದ ಹಳಿ, ಮದ್ರಾಸ್ ಕಡೆಯಿಂದ ಬಂದ ಹಳಿ ಎರಡೂ 1871ರಲ್ಲಿ ಕೂಡಿಕೊಂಡದ್ದು ನಮ್ಮ ರಾಯಚೂರಿನಲ್ಲೇ. ಹಾಗಾಗಿ ಸಮುದ್ರವಿಲ್ಲದ ಈ ಊರಿಗೆ ಎರಡು ಬಂದರುಗಳು ಒಂದೇ ಹಳಿಯ ಮೇಲಿವೆ. ಹಡಗಿನ ವ್ಯವಹಾರದಲ್ಲಿ ಇದು ಸಣ್ಣ ಅನುಕೂಲವಲ್ಲ. ಅರಬ್ಬಿ ಸಮುದ್ರ ಶಾಂತವಾಗಿರುವ ತಿಂಗಳಲ್ಲಿ ಹಡಗು ಮುಂಬೈಯಿಂದ ಹೊರಡುತ್ತದೆ. ಮುಂಗಾರು ಹಿಡಿದಾಗ ಚೆನ್ನೈ ಕಡೆ ಸರಿಯುತ್ತದೆ. ಎತ್ತ ಸರಿದರೂ ನಾವು ರೈಲು ಹತ್ತುವುದು ಅದೇ ಸ್ಟೇಷನ್ನಿನಲ್ಲಿ. ವಿಮಾನದ ಖರ್ಚಿಲ್ಲ. ಬೆಂಗಳೂರಿನವರು ಹಡಗಿನ ಟಿಕೆಟ್ ಸೋವಿ ಸಿಕ್ಕಿತು ಎಂದು ಹಿಗ್ಗಿ, ಆಮೇಲೆ ವಿಮಾನಕ್ಕೆ ಸುರಿಯುವುದನ್ನು ಕಂಡಿದ್ದೇನೆ.

ಕರ್ನಾಟಕಕ್ಕೇ ಕರಾವಳಿ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿಗಳ ದೊಡ್ಡ ಹಡಗುಗಳೂ ಬರುತ್ತವೆ. ಆದರೆ ಅವು ಹೆಚ್ಚಾಗಿ ಬೆಳಿಗ್ಗೆ ಬಂದು, ಜನರಿಗೆ ಊರು ತೋರಿಸಿ, ಸಂಜೆ ಹೊರಟು ಹೋಗುವಂಥವು.

ನಮ್ಮಂಥವರ ಕೈಗೆಟುಕುವ ದೇಶೀ ಹಡಗು ಅಂದರೆ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್. 2021ರ ಸೆಪ್ಟೆಂಬರಿನಲ್ಲಿ ಮುಂಬೈಯಿಂದ ಓಡಾಟ ಶುರು ಮಾಡಿತು. ಹಡಗು ಮಾತ್ರ ಹೊಸದಲ್ಲ. 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ್ದು, ರಾಯಲ್ ಕೆರಿಬಿಯನ್ ಕಂಪನಿಯಲ್ಲಿ ದುಡಿದು ನಮ್ಮ ದೇಶಕ್ಕೆ ಬಂದದ್ದು. ಸುಮಾರು 800 ಕೋಣೆಗಳಿವೆ. ಗೋವಾಕ್ಕೆ ಹೋಗಿ ಬರುವ ಎರಡು ಮೂರು ರಾತ್ರಿಯ ಪ್ರವಾಸ, ಲಕ್ಷದ್ವೀಪ ಸೇರಿಸಿದರೆ ಅದಕ್ಕಿಂತ ಉದ್ದ. 2023ರ ಜೂನಿನಲ್ಲಿ ಚೆನ್ನೈಯಿಂದ ಶ್ರೀಲಂಕಾಕ್ಕೂ ಹೊರಟಿತು. ದೇಶದೊಳಗಿನ ಪ್ರವಾಸಕ್ಕೆ ಆಧಾರ್ ಸಾಕು, ಶ್ರೀಲಂಕಾಕ್ಕೆ ಪಾಸ್‌ಪೋರ್ಟ್, ವೀಸಾ ಎರಡೂ ಬೇಕು.

ಇನ್ನು ದರದ ಮಾತು. ಗಂಜಿನಲ್ಲಿ ಹತ್ತಿಗೆ ಕೂಗುವ ದರ ಒಂದು. ತೇವ ಕಳೆದು, ಹಮಾಲಿ ಮುರಿದು ಪಟ್ಟಿಯ ಕೊನೆಯ ಸಾಲಿನಲ್ಲಿ ರೈತನ ಕೈಗೆ ಬರುವುದು ಇನ್ನೊಂದು. ಹಡಗಿನದೂ ಹಾಗೆಯೇ, ಆದರೆ ಇಲ್ಲಿ ಕಳೆಯುವುದಿಲ್ಲ, ಕೂಡಿಸುತ್ತಾ ಹೋಗುತ್ತಾರೆ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿರುವುದು ಬರೀ ಕೋಣೆಯ ದರ, ಅದೂ ಒಬ್ಬರಿಗೆ, ಅದೂ ಒಂದೇ ಕೋಣೆಯಲ್ಲಿ ಇಬ್ಬರಿದ್ದರೆ. ಅದಕ್ಕೆ ಬಂದರು ಶುಲ್ಕ, ಸಿಬ್ಬಂದಿಯ ಭಕ್ಷೀಸು, ಜಿಎಸ್‌ಟಿ ಸೇರಬೇಕು. ಭಕ್ಷೀಸು ಕೊಡುವುದು ನಮ್ಮ ಮರ್ಜಿಯಲ್ಲವೇ ಎಂದು ಕೇಳಬೇಡಿ. ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಎಂದು ಬಿಲ್ಲಿನಲ್ಲೇ ಬರೆಯುವ ಪದ್ಧತಿ ಹಡಗುಗಳಲ್ಲಿದೆ.

ನನ್ನ ಭಾವಮೈದುನ ದೇವದುರ್ಗದಿಂದ ಫೋನ್ ಮಾಡಿ, ‘ಮಾಮಾ, ಎರಡು ರಾತ್ರಿದು ಇಪ್ಪತ್ತು ಸಾವಿರ ಅಂತ್ರಿ, ಮೂರು ರಾತ್ರಿದು ಇಪ್ಪತ್ತೇಳು. ಎರಡರದ್ದ ಸೋವಿ ಅಲ್ರಿ?’ ಎಂದ.

‘ತಮ್ಮಾ, ಪೆನ್ನು ಹಾಳಿ ತಗೋ’ ಎಂದೆ.

ಅವನಿಗೆ ಬರೆಸಿದ ಲೆಕ್ಕ ಇಲ್ಲಿದೆ. ಅವನು ಕೇಳಿಬಂದ ದರ ಬಿಟ್ಟರೆ ಉಳಿದವು ತಿಳಿಯಲೆಂದು ನಾನು ಹಾಕಿಕೊಂಡ ಅಂಕಿ. ಯಾವ ಕಂಪನಿಯ ದರಪಟ್ಟಿಯೂ ಅಲ್ಲ. ಗಂಡ ಹೆಂಡತಿ ಇಬ್ಬರು, ಎರಡು ರಾತ್ರಿ: ಕೋಣೆ 40,000, ಬಂದರು ಶುಲ್ಕ 10,000, ಭಕ್ಷೀಸು 2,000, ತೆರಿಗೆ 2,600. ಒಟ್ಟು 54,600. ರೈಲು, ಮುಂಬೈಯಲ್ಲಿ ಒಂದು ರಾತ್ರಿ ಲಾಡ್ಜು, ಟ್ಯಾಕ್ಸಿ, ಊಟ ಸೇರಿ 10,000. ಹಡಗಿನೊಳಗಿನ ಕೈಖರ್ಚು 4,000. ಎಲ್ಲ ಸೇರಿ 68,600. ಅಂದರೆ ಒಬ್ಬರಿಗೆ ಒಂದು ರಾತ್ರಿಗೆ 17,150. ಇದನ್ನೇ ಮೂರು ರಾತ್ರಿಗೆ ಹಾಕಿ ನೋಡಿ. ಕೋಣೆ 54,000, ಬಂದರು ಶುಲ್ಕ ಅಷ್ಟೇ 10,000, ಭಕ್ಷೀಸು 3,000, ತೆರಿಗೆ 3,350, ನೆಲದ ಖರ್ಚು ಅದೇ 10,000, ಕೈಖರ್ಚು 6,000. ಮೊತ್ತ 86,350. ರಾತ್ರಿಗೆ ತಲಾ 14,400ರೊಳಗೇ ಬಂತು. ಮುಂಬೈಯಲ್ಲೇ ಮನೆ ಇದ್ದವನಿಗೆ ಎರಡು ರಾತ್ರಿಯದು ಲಾಭವಾಗಬಹುದು. ರಾಯಚೂರಿನಿಂದ ಸುಮಾರು 700 ಕಿಲೋಮೀಟರ್ ಹೋಗಿ ಹಡಗು ಹತ್ತುವವನಿಗೆ ದಾರಿ ಖರ್ಚು ಹೇಗೂ ತಪ್ಪದು, ಅದನ್ನು ಹೆಚ್ಚು ರಾತ್ರಿಗಳ ಮೇಲೆ ಹಂಚಬೇಕು. ಇಷ್ಟರಲ್ಲಿ ಮಾನ್ವಿಯಿಂದಲೋ ದೇವದುರ್ಗದಿಂದಲೋ ರಾಯಚೂರಿಗೆ ಬರುವ ಬಸ್ಸಿನ ಬಾಬತ್ತು ಎಲ್ಲಿ ಎಂದು ಯಾರಾದರೂ ಕೇಳಿಯಾರು. 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರ ಟಿಕೆಟ್ ಉಚಿತ, ಅವರದ್ದು ಸೊನ್ನೆ. ಗಂಡಸು ಟಿಕೆಟ್ ತೆಗೆಸಬೇಕು.

ಎಲ್ಲಕ್ಕಿಂತ ದೊಡ್ಡ ರಿಯಾಯಿತಿ ಇರುವುದು ಕ್ಯಾಲೆಂಡರಿನಲ್ಲಿ. ದೀಪಾವಳಿ, ಕ್ರಿಸ್‌ಮಸ್, ಹೊಸ ವರ್ಷ, ಬೇಸಿಗೆ ರಜೆ ಇವೆಲ್ಲ ಹಡಗಿನವರಿಗೆ ಸುಗ್ಗಿ. ಶುಕ್ರವಾರ ಹೊರಟು ಭಾನುವಾರ ಮುಗಿಯುವುದು ತುಟ್ಟಿ, ವಾರದ ನಡುವೆ ಹೊರಡುವುದು ಸೋವಿ. ಶಾಲಾ ಪರೀಕ್ಷೆ ಹತ್ತಿರ ಬಂದಾಗ, ಅಂದರೆ ಫೆಬ್ರವರಿಯಿಂದ ಮಾರ್ಚಿನ ಮೊದಲ ವಾರಗಳವರೆಗೆ, ಸಂಸಾರಸ್ಥರು ಊರು ಬಿಡುವುದಿಲ್ಲ. ಕೋಣೆಗಳು ಖಾಲಿ ಉಳಿದು ದರ ಇಳಿಯುತ್ತದೆ. ನಮ್ಮ ದೇವದುರ್ಗದ ಒಕ್ಕಲಿಗೆ ಇದು ಹೇಳಿ ಮಾಡಿಸಿದ ಕಾಲ. ಹತ್ತಿ ಬಿಡಿಸಿ ಮುಗಿದಿರುತ್ತದೆ, ಮುಂಗಾರಿನ ಭತ್ತ ಮಿಲ್ಲಿಗೆ ಹೋಗಿರುತ್ತದೆ, ಪಟ್ಟಿಯ ದುಡ್ಡು ಕೈಯಲ್ಲಿರುತ್ತದೆ. ಸಮುದ್ರವೂ ತಣ್ಣಗಿರುತ್ತದೆ. ಎರಡನೇ ಬೆಳೆಗೆ ಕಾಲುವೆ ನೀರು ಬಿಟ್ಟ ವರ್ಷ ಮಾತ್ರ ಗದ್ದೆ ನೋಡಿಕೊಳ್ಳಲು ಒಬ್ಬರನ್ನು ಗೊತ್ತು ಮಾಡಬೇಕು. ಓದುವ ಮಕ್ಕಳಿದ್ದವರಿಗೆ ಈ ದಾರಿ ಇಲ್ಲ. ಅವರು ಒಂದೇ ಕೋಣೆಯಲ್ಲಿ ನಾಲ್ವರು ಹಿಡಿಯುವುದನ್ನು ಕೇಳಲಿ. ಗೋಡೆಗೆ ಮಡಚಿಟ್ಟ ಹಾಸಿಗೆ ಇಳಿಸಿ ಕೊಡುತ್ತಾರೆ, ಮೂರನೆಯವರಿಗೂ ನಾಲ್ಕನೆಯವರಿಗೂ ದರ ಸಾಕಷ್ಟು ಕಡಿಮೆ. ಒಬ್ಬರೇ ಹೋಗುವವರಿಗೆ ಮಾತ್ರ ಈ ವ್ಯಾಪಾರದಲ್ಲಿ ನ್ಯಾಯವಿಲ್ಲ. ಮಂಚ ಖಾಲಿ ಇದ್ದರೂ ಅದರ ಬಾಡಿಗೆ ಹೆಚ್ಚುಕಡಿಮೆ ಪೂರ್ತಿ ವಸೂಲು.

ಕೋಣೆಯ ವಿಚಾರಕ್ಕೆ ನಮ್ಮ ಮನೆಯಲ್ಲೇ ಜಗಳ ಆಗಿತ್ತು. ಕಿಟಕಿ ಇಲ್ಲದ ಒಳಕೋಣೆ ಎಲ್ಲಕ್ಕಿಂತ ಅಗ್ಗ, ಆಮೇಲೆ ಕಿಟಕಿಯದು, ಆಮೇಲೆ ಬಾಲ್ಕನಿ. ‘ಸಮುದ್ರ ನೋಡಾಕ ಹೊಂಟು ಗ್ವಾಡಿ ನೋಡ್ಕೋತ ಕೂಡೂದೇನು?’ ಎಂದಳು ಹೆಂಡತಿ. ನಾನು ಒಳಕೋಣೆಯನ್ನೇ ಮಾಡಿಸಿದೆ, ಇವತ್ತಿಗೂ ಅದು ಸರಿ ಎಂದೇ ವಾದಿಸುತ್ತೇನೆ. ಹಡಗಿನ ಕೋಣೆ ನಾವು ಅಂದುಕೊಂಡಷ್ಟು ದೊಡ್ಡದಿರುವುದಿಲ್ಲ. ಎರಡು ಮಂಚ ಕೂಡಿಸಿದರೆ ನಡೆಯಲು ಒಬ್ಬರಿಗಷ್ಟೇ ಜಾಗ, ಪೆಟ್ಟಿಗೆ ಮಂಚದ ಕೆಳಗೆ ತಳ್ಳಬೇಕು, ಬಚ್ಚಲಿನಲ್ಲಿ ತಿರುಗಿದರೆ ಮೊಣಕೈ ಪರದೆಗೆ ತಾಗುತ್ತದೆ. ದೀಪ ಆರಿಸಿದರೆ ಮಧ್ಯಾಹ್ನವೂ ಕಾರ್ಗತ್ತಲು. ಆದರೆ ಅಲ್ಲಿ ಕೂರುವವರು ಯಾರು? ಎಚ್ಚರವಿದ್ದಷ್ಟು ಹೊತ್ತೂ ಮೇಲಿನ ಡೆಕ್ಕಿನಲ್ಲೇ ಇರುತ್ತೇವೆ, ಅಲ್ಲಿಂದ ಕಾಣುವ ಸಮುದ್ರ ಎಲ್ಲರಿಗೂ ಒಂದೇ. ಮೂರು ರಾತ್ರಿಯೊಳಗಿನ ಪ್ರವಾಸಕ್ಕೆ ಬಾಲ್ಕನಿಗೆ ದುಡ್ಡು ಹಾಕಬೇಡಿ. ಹಾಕುವುದಿದ್ದರೆ ಕೋಣೆ ಎಲ್ಲಿದೆ ಎನ್ನುವುದಕ್ಕೆ ಹಾಕಿ: ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ತೂಗಾಟ ಕಡಿಮೆ. ದೇವದುರ್ಗದ ಬಸ್ಸಿನಲ್ಲೇ ವಾಂತಿ ಮಾಡಿಕೊಳ್ಳುವವರು ಮೊದಲೇ ಡಾಕ್ಟರನ್ನು ಕೇಳಿ ಗುಳಿಗೆ ಇಟ್ಟುಕೊಳ್ಳಲಿ.

ಊಟ ಟಿಕೆಟ್ಟಿನಲ್ಲೇ ಬಂತು. ಶಾಕಾಹಾರ, ಜೈನ ಅಡಿಗೆಗೆ ಕೊರತೆ ಇಲ್ಲ; ಜೋಳದ ರೊಟ್ಟಿ ಮಾತ್ರ ಕೇಳಬೇಡಿ. ಮನೆಯಲ್ಲಿ ಮಾಡಿದ ಅಡಿಗೆ ಒಳಗೆ ಬಿಡುವುದಿಲ್ಲವಾದ್ದರಿಂದ ನಮ್ಮ ಕಟಕ ರೊಟ್ಟಿ, ಶೇಂಗಾ ಹಿಂಡಿ ಎಲ್ಲ ರೈಲಿನಲ್ಲೇ ಮುಗಿದವು. ಮದ್ಯ, ಇಂಟರ್‌ನೆಟ್, ಮಸಾಜು, ಅವರು ತೆಗೆದ ಫೋಟೊ, ಗೋವಾದಲ್ಲಿ ಊರು ಸುತ್ತಿಸುವ ಬಸ್ಸು ಇವಕ್ಕೆಲ್ಲ ಬೇರೆ ರೊಕ್ಕ. ಹಡಗಿನಲ್ಲಿ ನಗದು ನಡೆಯುವುದಿಲ್ಲ. ಒಂದು ಕಾರ್ಡು ಕೊಟ್ಟಿರುತ್ತಾರೆ, ಕೋಣೆಯ ಬೀಗಕ್ಕೂ ಅದೇ, ಖರ್ಚಿಗೂ ಅದೇ. ಅದನ್ನು ಉಜ್ಜುವಾಗ ದುಡ್ಡು ಹೋದದ್ದು ಕೈಗೆ ಗೊತ್ತೇ ಆಗುವುದಿಲ್ಲ. ನಾನು ದಿನಾ ರಾತ್ರಿ ಕೌಂಟರಿಗೆ ಹೋಗಿ ಲೆಕ್ಕದ ಚೀಟಿ ಕೇಳಿ ಪಡೆಯುತ್ತಿದ್ದೆ. ಕೌಂಟರಿನ ಹುಡುಗಿ ನಕ್ಕಳು. ನಗಲಿ. ಮೊಬೈಲನ್ನು ಮಾತ್ರ ಬಂದರು ಬಿಟ್ಟ ಕೂಡಲೇ ಏರೋಪ್ಲೇನ್ ಮೋಡಿಗೆ ಹಾಕಿ. ನಡುನೀರಿನಲ್ಲಿ ಉಪಗ್ರಹದ ಸಿಗ್ನಲ್ ಹಿಡಿದರೆ ಅದರ ದರ ನಮ್ಮ ರೀಚಾರ್ಜಿನ ಲೆಕ್ಕಕ್ಕೆ ಸಿಗುವಂಥದ್ದಲ್ಲ.

‘ನಿಮಗೆ ಉಚಿತ ಕ್ರೂಸ್ ಬಹುಮಾನ ಬಂದಿದೆ’ ಎಂಬ ಫೋನು ರಾಯಚೂರಿನಲ್ಲಿ ಯಾರಿಗೆ ಬಂದಿಲ್ಲ? ಗಂಡ ಹೆಂಡತಿ ಇಬ್ಬರೂ ಹೋಟೆಲಿಗೆ ಬನ್ನಿ ಎಂದು ಕರೆದು, ಟೀ ಬಿಸ್ಕೆಟ್ ಕೊಟ್ಟು, ಇಪ್ಪತ್ತು ವರ್ಷದ ಸದಸ್ಯತ್ವ ಕೊರಳಿಗೆ ಕಟ್ಟುತ್ತಾರೆ. ಬಹುಮಾನದ ಹಡಗಿಗೂ ಬಂದರು ಶುಲ್ಕ, ತೆರಿಗೆ ನಾವೇ ಕಟ್ಟಬೇಕು. ಅವರು ಕೊಡುವ ತಾರೀಖು ನಮಗೆ ಆಗದು, ನಾವು ಕೇಳುವ ತಾರೀಖು ಅವರಲ್ಲಿ ಇರದು. ಟಿಕೆಟ್ಟನ್ನು ಕಂಪನಿಯಿಂದ ನೇರ ತೆಗೆಸಿ, ಇಲ್ಲವೇ ಅಂಗಡಿ ಇಟ್ಟು ಕೂತ, ನಾಳೆಯೂ ಅಲ್ಲೇ ಸಿಗುವ ಏಜೆಂಟರಿಂದ. ಆನ್‌ಲೈನಿನಲ್ಲಾದರೆ ಕ್ರೆಡಿಟ್ ಕಾರ್ಡು ಒಳ್ಳೆಯದು, ಏನಾದರೂ ಎಡವಟ್ಟಾದರೆ ಬ್ಯಾಂಕಿನಲ್ಲಿ ತಕರಾರು ಹಾಕಬಹುದು. 2019ರಲ್ಲಿ ಮುಂಬೈಯಿಂದ ಹೊರಟ ಜಲೇಶ್ ಕ್ರೂಸಸ್ ಮರುವರ್ಷ ಕೊರೊನಾ ಹೊಡೆತಕ್ಕೆ ಮುಚ್ಚಿಹೋಯಿತು. ಹಡಗಿನ ಕಂಪನಿಯೂ ಮುಳುಗುತ್ತದೆ ಎಂಬುದು ನೆನಪಿರಲಿ. ಹವಾಮಾನ ಕೆಟ್ಟರೆ ಊರು ಬದಲಿಸುವ, ದ್ವೀಪ ಬಿಟ್ಟು ಮುಂದೆ ಹೋಗುವ ಹಕ್ಕು ಹಡಗಿನವರಿಗಿದೆ ಎಂದು ಷರತ್ತಿನಲ್ಲೇ ಬರೆದಿರುತ್ತಾರೆ. ಲಕ್ಷದ್ವೀಪದಲ್ಲಿ ದೊಡ್ಡ ಹಡಗು ದಡಕ್ಕೆ ಹತ್ತುವುದಿಲ್ಲ, ಸಣ್ಣ ದೋಣಿಯಲ್ಲಿ ಇಳಿಸುತ್ತಾರೆ. ಅಲೆ ಜೋರಿದ್ದರೆ ದ್ವೀಪವನ್ನು ಕಣ್ಣಲ್ಲೇ ನೋಡಿ ಬರಬೇಕು.

ಕುಣಿತ, ಮೋಜು ಬೇಡ, ಸಮುದ್ರ ನೋಡಿದರೆ ಸಾಕು ಎನ್ನುವವರಿಗೆ ಸರ್ಕಾರದ ಹಡಗುಗಳಿವೆ. ಇದನ್ನು ಯಾವ ಏಜೆಂಟರೂ ತಾವಾಗಿ ಹೇಳುವುದಿಲ್ಲ. ಲಕ್ಷದ್ವೀಪ ಆಡಳಿತದ ಪ್ರವಾಸಿ ಸಂಸ್ಥೆ ಸ್ಪೋರ್ಟ್ಸ್, ಕೊಚ್ಚಿಯಿಂದ ಎಂ.ವಿ. ಕವರತ್ತಿ ಹಡಗಿನಲ್ಲಿ ‘ಸಮುದ್ರಂ’ ಎಂಬ ಪ್ರವಾಸ ನಡೆಸುತ್ತದೆ. ರಾತ್ರಿ ಹಡಗಿನಲ್ಲಿ ಮಲಗುವುದು, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ ಇಳಿಯುವುದು. ಇನ್ನೊಂದು, ಚೆನ್ನೈಯಿಂದ ಅಂಡಮಾನಿಗೆ ಹೋಗುವ ಪ್ರಯಾಣಿಕರ ಹಡಗು. ಎರಡು ಮೂರು ದಿನ ಬರೀ ನೀರು. ಕ್ಯಾಬಿನ್ನಿನಿಂದ ಹಿಡಿದು ಸಾಲು ಮಂಚದ ಬಂಕಿನವರೆಗೆ ದರ್ಜೆಗಳಿವೆ, ಬಂಕಿನ ದರ ಕೇಳಿದರೆ ನಂಬುವುದು ಕಷ್ಟ. ಅಲ್ಲಿ ಈಜುಕೊಳವಿಲ್ಲ, ಆರ್ಕೆಸ್ಟ್ರಾ ಇಲ್ಲ, ಊಟವೂ ಅಷ್ಟಕ್ಕಷ್ಟೆ. ಗಟ್ಟಿ ಮೈಯವರಿಗೆ ಸರಿ; ಮೊಣಕಾಲು ನೋವಿನ ಅತ್ತೆಯನ್ನು ಕರೆದೊಯ್ಯಬೇಡಿ.

ಸಿಂಗಪುರದ ಹಡಗುಗಳೂ ನಮ್ಮವರಲ್ಲಿ ಹೆಸರಾಗಿವೆ. ರಾತ್ರಿ ದರ ನೋಡಿದರೆ ಒಮ್ಮೊಮ್ಮೆ ಮುಂಬೈಗಿಂತ ಅಗ್ಗ ಕಾಣುತ್ತದೆ, ಆದರೆ ವಿಮಾನ ಮತ್ತು ವೀಸಾ ಕೂಡಿಸದೆ ಮಾತಾಡಬೇಡಿ. ವಿದೇಶ ಪ್ಯಾಕೇಜಿನ ಮೇಲೆ ಟಿಸಿಎಸ್ ಅಂತ ವಸೂಲು ಮಾಡುವ ತೆರಿಗೆ ಖರ್ಚಲ್ಲ, ಆದಾಯ ತೆರಿಗೆ ರಿಟರ್ನಿನಲ್ಲಿ ಅದಕ್ಕೆ ಜಮಾ ಸಿಗುತ್ತದೆ.

ಭಾವಮೈದುನ ಕೊನೆಗೆ ಫೆಬ್ರವರಿಯ ಮೂರು ರಾತ್ರಿಗೇ ಒಪ್ಪಿದ. ಅವನಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತೇನೆ. 2024ರ ನವೆಂಬರಿನಿಂದ ರೈಲಿನ ಮುಂಗಡ ಬುಕಿಂಗು 60 ದಿನ ಮೊದಲಷ್ಟೇ ತೆರೆಯುತ್ತದೆ. ಹಡಗಿನ ತಾರೀಖು ಖಾತ್ರಿಯಾದ ಮೇಲೆ ಬುಕಿಂಗು ತೆರೆಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡು. ಉದ್ಯಾನ್ ಎಕ್ಸ್‌ಪ್ರೆಸ್ ನೇರ ಸಿಎಸ್‌ಎಂಟಿಗೇ ಹೋಗುತ್ತದೆ, ಬಂದರು ಅಲ್ಲಿಂದ ಹತ್ತಿರ. ಆದರೂ ಒಂದು ದಿನ ಮೊದಲೇ ಮುಂಬೈ ಸೇರಿಕೋ, ರೈಲು ತಡವಾಯಿತೆಂದು ಹಡಗು ಕಾಯುವುದಿಲ್ಲ. ವಾಪಸು ರೈಲು ಹಡಗು ಮುಟ್ಟುವ ದಿನ ರಾತ್ರಿಯದ್ದಿರಲಿ. ಇನ್ನು ಹೆಸರು. ಮನೆಯಲ್ಲಿ ಈರಮ್ಮ, ರೇಷನ್ ಕಾರ್ಡಿನಲ್ಲಿ ವೀರಮ್ಮ, ಆಧಾರಿನಲ್ಲಿ ಗಂಡನ ಹೆಸರೂ ಸೇರಿ ಇನ್ನೊಂದು, ಇದು ನಮ್ಮ ಕಡೆ ಮನೆಮನೆಯ ಕಥೆ. ಟಿಕೆಟ್ಟಿನ ಹೆಸರಿಗೂ ಕಾರ್ಡಿನ ಹೆಸರಿಗೂ ತಾಳೆಯಾಗದಿದ್ದರೆ ಬಂದರಿನ ಗೇಟಿನಲ್ಲೇ ನಿಲ್ಲಿಸುತ್ತಾರೆ. ಏಜೆಂಟನಿಗೆ ಹೆಸರು ಬಾಯಲ್ಲಿ ಹೇಳಬೇಡ, ಆಧಾರಿನ ಫೋಟೊ ಕಳಿಸು. ಟಿಕೆಟ್ ಬಂದ ಮೇಲೆ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿಯೇ ಬಾಕಿ ದುಡ್ಡು ಹಾಕು.