ಒಕ್ಕಲುಮನೆಯಲ್ಲಿ ಹಳತು ಹೊಸತು

ತುಮಕೂರು ತಾಲ್ಲೂಕಿನ ಬೆಳ್ಳಾವಿಯ ಹೆಸರನ್ನು ಕನ್ನಡ ಬಲ್ಲವರು ಬಹುಮಟ್ಟಿಗೆ ಒಬ್ಬ ಮಹನೀಯರ ಮೂಲಕ ಅರಿತಿದ್ದಾರೆ. ಬೆಳ್ಳಾವೆ ವೆಂಕಟನಾರಣಪ್ಪನವರು ಭೌತಶಾಸ್ತ್ರದ ಅಧ್ಯಾಪಕರು; ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಕೂಡಿ 1918ರಲ್ಲಿ ‘ವಿಜ್ಞಾನ’ವೆಂಬ ಪತ್ರಿಕೆಯನ್ನು ಹೊರಡಿಸಿ, ಹೊಸ ಶಾಸ್ತ್ರವನ್ನು ತಾಯ್ನುಡಿಯಲ್ಲಿ ಹೇಳಬಹುದೆಂಬುದನ್ನು ತೋರಿಸಿಕೊಟ್ಟರು. ಶಾಸ್ತ್ರವು ಕನ್ನಡಕ್ಕೇನೋ ಬಂದಿತು. ಅದು ಒಕ್ಕಲುಮನೆಯ ಹೊಸ್ತಿಲನ್ನು ದಾಟುವಾಗ ಏನಾಗುತ್ತದೆಂಬುದನ್ನು ಇಲ್ಲಿ ವಿಚಾರ ಮಾಡೋಣ.

ಬೆಳ್ಳಾವಿಯ ಸುತ್ತಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಎಂಟು ಎಕರೆ ಖುಷ್ಕಿ ಜಮೀನು. ಯಜಮಾನನಿಗೆ ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಹಿರಿಯ ಮಗ ತಂದೆಯ ಮಾತನ್ನು ಮೀರುವವನಲ್ಲ. ಕಿರಿಯವನು ನಾಲ್ಕಕ್ಷರ ಕಲಿತವನು. ಹೊಸ ಬೀಜ, ಹೊಸ ಗೊಬ್ಬರ, ಹೊಸ ಉಪಕರಣ ಬೇಕೆನ್ನುವವನು. ಪ್ರತಿ ಬಿತ್ತನೆಯ ಕಾಲಕ್ಕೂ ಜಗಲಿಯ ಮೇಲೆ ವಾದ. ಪೇಟೆಯಲ್ಲಿರುವ ನಾವು ಈ ವಾದವನ್ನು ಕೇಳಿದೊಡನೆಯೇ ಕಿರಿಯವನ ಪಕ್ಷವನ್ನು ಹಿಡಿಯುತ್ತೇವೆ. ಆದರೆ ಇಬ್ಬರ ಮಾತನ್ನೂ ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ.

ತಂದೆಯು ಮಳೆಯ ನಕ್ಷತ್ರಗಳನ್ನು ನೋಡಿ ಬಿತ್ತುತ್ತಾನೆ. ಇದನ್ನು ಮೂಢನಂಬಿಕೆಯೆಂದು ನಗುವವರುಂಟು. ವಾಸ್ತವವಾಗಿ ಅದು ಸೂರ್ಯನ ಗತಿಯನ್ನು ಅನುಸರಿಸಿದ ಪಂಚಾಂಗ: ವರ್ಷದ 365 ದಿನಗಳನ್ನು 27 ನಕ್ಷತ್ರಗಳಿಗೆ ಹಂಚಿದರೆ ಒಂದೊಂದಕ್ಕೆ 13 ಅಥವಾ 14 ದಿನ ಬೀಳುತ್ತದೆ. ಆರಿದ್ರೆಯ ಮಳೆಯೆಂದರೆ ಜೂನ್ ತಿಂಗಳ ಕಡೆಯ ವಾರದಿಂದ ಜುಲೈ ಮೊದಲ ವಾರದವರೆಗಿನ ಮಳೆಯೆಂದೇ ಅರ್ಥ. ಅಕ್ಷರವಿಲ್ಲದವನ ಬಾಯಲ್ಲಿಯೂ ನಿಲ್ಲುವಂಥ ಕಾಲಗಣನೆ ಇದು. ಆದರೆ ಇದಕ್ಕೆ ಎರಡು ಮಿತಿಗಳುಂಟು. ಅಯನಚಲನೆಯ ಕಾರಣದಿಂದ ನಕ್ಷತ್ರಗಳ ಲೆಕ್ಕವು ಸುಮಾರು 70 ವರ್ಷಕ್ಕೆ ಒಂದು ದಿನದಂತೆ ಋತುಗಳಿಂದ ಸರಿಯುತ್ತದೆ; 1500 ವರ್ಷಗಳಲ್ಲಿ ಇದು ಮೂರು ವಾರವಾಯಿತು. ಎರಡನೆಯದಾಗಿ, ಪಂಚಾಂಗವು ಮಳೆಗಾಲವನ್ನು ಹೇಳಬಲ್ಲುದೇ ಹೊರತು ಈ ವರ್ಷದ ಮಳೆಯನ್ನು ಹೇಳಲಾರದು.

ತಂದೆಯ ಇನ್ನೊಂದು ಪದ್ಧತಿ ಅಕ್ಕಡಿ ಸಾಲು. ರಾಗಿಯ ಕೆಲವು ಸಾಲುಗಳ ನಡುವೆ ಒಂದೊಂದು ಸಾಲು ಅವರೆ, ತೊಗರಿ ಅಥವಾ ಹುಚ್ಚೆಳ್ಳನ್ನು ಅವನು ಬಿಡುತ್ತಾನೆ. ಹೊಲವೆಲ್ಲ ಒಂದೇ ಪೈರಾದರೆ ಕೆಲಸ ಸುಲಭ, ಇಳುವರಿ ಹೆಚ್ಚು ಎಂಬುದು ಮಗನ ವಾದ. ಆದರೆ ಈ ಸೀಮೆಯ ಮಳೆ ವರ್ಷಕ್ಕೆ 25 ಅಂಗುಲದ ಆಸುಪಾಸು. ಅದರಲ್ಲಿಯೂ ಹೆಚ್ಚು ಮಳೆ ಬೀಳುವ ತಿಂಗಳುಗಳು ಸೆಪ್ಟೆಂಬರ್, ಅಕ್ಟೋಬರ್. ಒಂದು ಪೈರು ಸೊರಗಿದರೂ ಮತ್ತೊಂದು ಉಳಿದೀತೆಂಬುದು ಅಕ್ಕಡಿಯ ಗುಟ್ಟು. ಅವರೆ, ತೊಗರಿಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೂ ನೆಲಕ್ಕೂ ಒದಗಿಸುತ್ತವೆಂಬುದನ್ನು ಜರ್ಮನಿಯ ಹೆಲ್‌ರೀಗೆಲ್ 1886ರಲ್ಲಿ ಪ್ರಕಟಿಸಿದನು. ನಮ್ಮ ಒಕ್ಕಲಿಗನಿಗೆ ಕಾರಣ ತಿಳಿದಿರಲಿಲ್ಲ, ಫಲ ತಿಳಿದಿತ್ತು.

ಹಾಗೆಂದು ತಂದೆಯದೆಲ್ಲವೂ ಸರಿಯೆ? ಅವನ ತಿಪ್ಪೆಯನ್ನು ನೋಡಿ. ಸಗಣಿ, ಕಸ, ಬೂದಿ ಎಲ್ಲವೂ ಬಯಲಿನಲ್ಲಿ ರಾಶಿ ಬಿದ್ದು ಬಿಸಿಲಿಗೆ ಒಣಗುತ್ತವೆ. ಸಾರಜನಕದ ಒಂದಂಶ ಆವಿಯಾಗಿ ಗಾಳಿಯನ್ನು ಸೇರುತ್ತದೆ, ಮತ್ತೊಂದಂಶ ಮಳೆನೀರಿನೊಡನೆ ಹರಿದುಹೋಗುತ್ತದೆ. ಇದೇ ವಸ್ತುಗಳನ್ನು ಗುಂಡಿಯಲ್ಲಿ ಪದರಪದರವಾಗಿ ಹಾಕಿ ಮಣ್ಣಿನಿಂದ ಮುಚ್ಚಿದರೆ ಸಾರ ಉಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಚಾರ್ಯರು 1939ರಲ್ಲಿ ರೂಪಿಸಿದ ಈ ಕ್ರಮವು ಬೆಂಗಳೂರಿನ ಹೆಸರಿನಿಂದಲೇ ಪ್ರಸಿದ್ಧವಾಯಿತು. ಇದಕ್ಕೆ ಬೇಕಾದದ್ದು ಗುದ್ದಲಿ, ಮಂಕರಿ ಮತ್ತು ಮನಸ್ಸು, ಹಣವಲ್ಲ.

ಬೀಜದ ವಿಷಯವೂ ಹೀಗೆಯೇ. ಹೆಬ್ಬಾಳದ ಕೃಷಿಕ್ಷೇತ್ರದಲ್ಲಿ ಆಯ್ದ ಹೆಚ್-22 ಎಂಬ ರಾಗಿಯು 1918ರಲ್ಲಿ ಹೊರಬಂದಿತು. ರಾಗಿಯ ಹೂವು ಬಹು ಸಣ್ಣದು. ತನ್ನ ಪರಾಗದಿಂದ ತಾನೇ ಕಾಳುಗಟ್ಟತಕ್ಕದ್ದು. ಆದುದರಿಂದ ಎರಡು ತಳಿಗಳನ್ನು ಕೂಡಿಸುವುದು ಬಹಳ ಕಷ್ಟದ ಕೆಲಸ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆ ಕಷ್ಟವನ್ನು ಗೆದ್ದು, ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ಹೊಸ ಬೀಜವನ್ನು ನೋಡಿದಾಗ ತಂದೆಯು ಮೊದಲು ಕೇಳುವುದು, “ಹುಲ್ಲೆಷ್ಟು ಬರುತ್ತದೆ?” ಎಂದು. ಈ ಪ್ರಶ್ನೆ ಹಟದ್ದಲ್ಲ. ಕಾಳು ಮನುಷ್ಯರಿಗಾದರೆ ಹುಲ್ಲು ದನಗಳಿಗೆ. ಹುಲ್ಲಿಲ್ಲದ ಮನೆಯಲ್ಲಿ ಹಾಲೂ ಇಲ್ಲ, ಗೊಬ್ಬರವೂ ಇಲ್ಲ. ಕಾಳನ್ನು ಮಾತ್ರ ತೂಗಿ ಬೀಜವನ್ನು ಹೊಗಳುವವನಿಗಿಂತ ಎರಡನ್ನೂ ತೂಗುವವನ ಲೆಕ್ಕ ಪೂರ್ಣವಾದದ್ದು.

ಹಳೆಯ ಅನುಭವವೂ ಹೊಸ ಶಾಸ್ತ್ರವೂ ಕೈ ಹಿಡಿದುಕೊಂಡು ನಡೆದ ಉದಾಹರಣೆಯೂ ನಮ್ಮಲ್ಲಿದೆ. ಮಲೆನಾಡಿನಲ್ಲಿ ಅಡಿಕೆಗೆ ಕೊಳೆರೋಗ ಬರದಂತೆ ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಗೊನೆಯ ಮೇಲೆ ಮಳೆ ಬೀಳದಿದ್ದರೆ ರೋಗವಿಲ್ಲವೆಂಬುದು ಅವರ ಅನುಭವ. 1908ರಲ್ಲಿ ಮೈಸೂರಿಗೆ ಬಂದ ಕೆನಡಾ ದೇಶದ ಕೋಲ್ಮನ್ ಎಂಬ ವಿದ್ವಾಂಸರು ರೋಗದ ಶಿಲೀಂಧ್ರವನ್ನು ಅಭ್ಯಾಸ ಮಾಡಿ, ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಗೊನೆಗಳ ಮೇಲೆ ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ಹಳಬರ ಅನುಭವವು ಸುಳ್ಳಾಗಲಿಲ್ಲ. ಅದರ ಕಾರಣವು ತಿಳಿಯಿತು, ಉಪಾಯವು ಸುಲಭವಾಯಿತು.

ಇಷ್ಟಕ್ಕೂ ಹಳತೆಂದರೆ ಯಾವುದು? ನಾವು ನಮ್ಮದೆಂದು ಹೆಮ್ಮೆಪಡುವ ರಾಗಿಯು ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕಾದಿಂದ ಬಂದದ್ದು. ಮೆಣಸಿನಕಾಯಿಯೂ ಕಡಲೆಕಾಯಿಯೂ ಅಮೆರಿಕಾ ಖಂಡದವು. ಒಂದು ಕಾಲದಲ್ಲಿ ಇವನ್ನೆಲ್ಲ ಯಾರೋ ಒಬ್ಬ ಮಗ ಮನೆಗೆ ತಂದಿರಬೇಕು, ಯಾರೋ ಒಬ್ಬ ತಂದೆ ಬೇಡವೆಂದಿರಬೇಕು. ಪರೀಕ್ಷೆಯಲ್ಲಿ ಗೆದ್ದು ಉಳಿದ ಹೊಸತೇ ಇಂದಿನ ಸಂಪ್ರದಾಯ. ಈಚೆಗೆ ಈ ಚಕ್ರವು ಇನ್ನೊಂದು ಸುತ್ತು ತಿರುಗಿದೆ: ಯೂರಿಯಾ ಹಾಕಿ ಅಭ್ಯಾಸವಾದ ತಂದೆಗೆ ಮಗನೇ ಅಕ್ಕಡಿ ಸಾಲಿನ ಮಹಿಮೆಯನ್ನು ಹೇಳುವ ಮನೆಗಳೂ ಉಂಟು. 2023ನೆಯ ವರ್ಷವನ್ನು ವಿಶ್ವಸಂಸ್ಥೆಯೇ ಸಿರಿಧಾನ್ಯಗಳ ವರ್ಷವೆಂದು ಸಾರಿತು.

ಹಾಗಾದರೆ ತಂದೆಯ ಹಟದ ಬೇರು ಎಲ್ಲಿದೆ? ಅದು ಅಜ್ಞಾನದಲ್ಲಿಲ್ಲ, ಭಯದಲ್ಲಿದೆ. ಆ ಭಯವೂ ನಿರಾಧಾರವಲ್ಲ. ಪುಸ್ತಕವು ಹತ್ತು ವರ್ಷಗಳ ಸರಾಸರಿಯನ್ನು ಹೇಳುತ್ತದೆ; ಸಂಸಾರವು ಉಣ್ಣಬೇಕಾದದ್ದು ಈ ವರ್ಷ. ಕೊಳವೆಬಾವಿಗೆಂದು ಸಾಲ ತಂದು ನೀರು ಬೀಳದಿದ್ದರೆ, ಬಾವಿ ಬತ್ತಿದರೂ ಸಾಲವು ಬತ್ತುವುದಿಲ್ಲ. ಹೊಸತನ್ನು ಹೇಳುವವರು ನಷ್ಟವಾದರೆ ಅದನ್ನು ಹೊರುವವರಲ್ಲ. ಉಪದೇಶಕನ ಈ ಅನುಕೂಲವನ್ನು ಒಕ್ಕಲಿಗನು ಚೆನ್ನಾಗಿ ಬಲ್ಲ.

ಆದರೆ ವಾದವು ಬೆಳೆದು ಮನೆ ಒಡೆದರೆ ಏನಾಗುತ್ತದೆ? ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಭಾಗವುಂಟೆಂಬುದು ಕರ್ನಾಟಕದಲ್ಲಿ 1994ರಿಂದಲೂ ದೇಶದಲ್ಲೆಲ್ಲ 2005ರಿಂದಲೂ ಬಂದ ನ್ಯಾಯವಾದ ಕಾನೂನು. ಪಿತ್ರಾರ್ಜಿತವಾದ ಎಂಟು ಎಕರೆಯನ್ನು ತಂದೆ ಮತ್ತು ಮೂವರು ಮಕ್ಕಳು ಹಂಚಿಕೊಂಡರೆ ಒಬ್ಬೊಬ್ಬರಿಗೆ ಎರಡು ಎಕರೆ. ಅಷ್ಟರಲ್ಲಿ ಹಳೆಯ ಕ್ರಮದಂತೆ ಜೋಡಿ ಎತ್ತನ್ನು ಸಾಕುವುದೂ ಕಷ್ಟ, ಹೊಸ ಕ್ರಮದಂತೆ ಯಂತ್ರವನ್ನು ಕೊಳ್ಳುವುದೂ ಕಷ್ಟ. ಯಾವ ಪದ್ಧತಿ ಮೇಲೆಂದು ಹೊರಟ ಜಗಳವು ಎರಡು ಪದ್ಧತಿಗಳನ್ನೂ ಅಸಾಧ್ಯಗೊಳಿಸಿ ಮುಗಿಯುತ್ತದೆ. ಭಾಗವನ್ನು ಕಾಗದದ ಮೇಲೆ ಮಾಡಿಕೊಂಡವರೂ ಬೇಸಾಯವನ್ನು ಒಟ್ಟಾಗಿ ಮಾಡಬಹುದು. ಆದರೆ ಅದಕ್ಕೆ ಮೊದಲು ಮಾತು ಉಳಿದಿರಬೇಕು.

ಮಾತು ಉಳಿಯುವ ಒಂದು ಮಾರ್ಗವನ್ನು ಶಾಸ್ತ್ರವೇ ತೋರಿಸುತ್ತದೆ. ಎಂಟು ಎಕರೆಯೆಂದರೆ 320 ಗುಂಟೆ. ಅದರಲ್ಲಿ ಒಂದು ಗುಂಟೆಯನ್ನು ಮಗನಿಗೆ ಬಿಟ್ಟುಕೊಡಲಿ. ಪಕ್ಕದ ಗುಂಟೆಯಲ್ಲಿ ತಂದೆಯು ತನ್ನ ಕ್ರಮದಂತೆ ಬೆಳೆಯಲಿ. ನೆಲವೊಂದೇ, ಬಿತ್ತುವ ದಿನವೊಂದೇ, ಗೊಬ್ಬರವೊಂದೇ. ಬೀಜ ಮಾತ್ರ ಬೇರೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸದಿದ್ದರೆ ಫಲವು ಯಾವುದರಿಂದ ಬಂದಿತೆಂದು ತಿಳಿಯುವುದಿಲ್ಲ. ಕಾಳನ್ನೂ ಹುಲ್ಲನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿ. ಮೂರು ವರ್ಷ ಹೀಗೆ ನಡೆಯಲಿ, ಏಕೆಂದರೆ ಒಂದು ವರ್ಷದ ಮಳೆ ಸಾಕ್ಷಿಗೆ ಸಾಲದು. ಮಗನ ಪೈರು ಪೂರಾ ಹೋದರೂ ನಷ್ಟವು 320ರಲ್ಲಿ ಒಂದು ಪಾಲು; ಆ ಭಯವನ್ನು ಯಾವ ತಂದೆಯಾದರೂ ತಾಳಿಕೊಂಡಾನು. ಇಲ್ಲಿ ತಂದೆಯು ಪ್ರಗತಿಗೆ ಅಡ್ಡ ನಿಂತವನಲ್ಲ. ಅವನ ಗುಂಟೆಯಿಲ್ಲದಿದ್ದರೆ ಮಗನ ಗುಂಟೆಗೆ ಅಳತೆಗೋಲೇ ಇಲ್ಲ.

ನಮ್ಮ ಕೇಳುಗರಲ್ಲಿ ಅನೇಕರು ಇಂಥ ಮನೆಗಳಿಂದಲೇ ಬಂದವರು. ಹಬ್ಬಕ್ಕೆ ಊರಿಗೆ ಹೋದಾಗ ಜಗಲಿಯ ವಾದದಲ್ಲಿ ಒಂದು ಮಾತನ್ನು ಸೇರಿಸುವವರು. ಅಂಥ ಸಂದರ್ಭದಲ್ಲಿ ತೀರ್ಪನ್ನು ಕೊಡುವ ಬದಲು ಒಂದು ತಕ್ಕಡಿಯನ್ನು ಕೊಂಡೊಯ್ದರೆ ಮನೆಗೆ ಹೆಚ್ಚು ಉಪಕಾರವಾದೀತೆಂದು ನಾವು ಭಾವಿಸುತ್ತೇವೆ.