ಮಕ್ಕಳ ಹಲ್ಲುನೋವನ್ನೂ ಅಳೆಯಬಹುದು: ಎಂಟು ಪ್ರಶ್ನೆ, 72 ಅಂಕ

ಹಾವೇರಿ: ‘ಹಾಲಹಲ್ಲು, ಬಿದ್ದು ಹೊಸಾವು ಬರ್ತಾವ ಬಿಡ್ರಿ.’ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಲ್ಲೇ ಹೋಗಿ, ಕೇಳಿಬರೋ ಮಾತಿದು. ಆದರೆ ಆರನೇ ವರ್ಷದ ಸುಮಾರಿಗೆ ಹಿಂದೆ ಮೂಡುವ ದವಡೆಹಲ್ಲು ಹಾಲಹಲ್ಲಲ್ಲ. ಅದು ಹೋದರೆ ಮತ್ತೆ ಬರಲ್ಲ.

ಹುಳುಕು ಹಲ್ಲು ಎಷ್ಟಿವೆ ಅಂತ ವೈದ್ಯರು ಎಣಿಸಬಹುದು. ಮಗು ಎಷ್ಟು ಕಷ್ಟಪಡ್ತಿದೆ ಅನ್ನೋದು ಆ ಲೆಕ್ಕಕ್ಕೆ ಸಿಗಲ್ಲ. ಅದಕ್ಕಾಗಿ ‘ಚೈಲ್ಡ್ ಒಐಡಿಪಿ’ ಎಂಬ ಅಳತೆಗೋಲಿದೆ. ಥಾಯ್ಲೆಂಡಿನ 11–12 ವರ್ಷದ ಮಕ್ಕಳಿಗಾಗಿ ರೂಪಿಸಿದ ಇದು 2004ರಲ್ಲಿ ಪ್ರಕಟವಾಯಿತು.

ಊಟ, ಮಾತು, ಹಲ್ಲುಜ್ಜುವುದು, ನಿದ್ದೆ, ಮನಸ್ಸಿನ ನೆಮ್ಮದಿ, ನಗು, ಓದು, ಗೆಳೆಯರ ಒಡನಾಟ. ಕಳೆದ 3 ತಿಂಗಳಲ್ಲಿ ಹಲ್ಲು-ಬಾಯಿಯ ತೊಂದರೆಯಿಂದ ಇವುಗಳಲ್ಲಿ ಯಾವುದಕ್ಕೆ ಅಡ್ಡಿಯಾಯ್ತು ಅಂತ ಮಗುವನ್ನೇ ಕೇಳ್ತಾರೆ. ಅಡ್ಡಿ ಎಷ್ಟು ಜೋರು ಅನ್ನೋದಕ್ಕೆ 3ರವರೆಗೆ ಅಂಕ, ಎಷ್ಟು ಸಲ ಅನ್ನೋದಕ್ಕೆ 3ರವರೆಗೆ. ಗುಣಿಸಿದರೆ ಒಂದಕ್ಕೆ ಗರಿಷ್ಠ 9, ಎಂಟಕ್ಕೂ ಸೇರಿ 72.

ಹೀಗಾಗಿ ಒಂದೇ ಹಲ್ಲು ಹುಳುಕಾದ ಮಗು ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದರೆ, ಮೂರು ಹುಳುಕಿನ ಮಗುವಿಗಿಂತ ಅದರ ಅಂಕವೇ ಹೆಚ್ಚಾಗಬಹುದು. ಮೊದಲು ಯಾರಿಗೆ ಚಿಕಿತ್ಸೆ ಬೇಕು ಅಂತ ನಿರ್ಧರಿಸೋಕೆ ಇದು ನೆರವಾಗುತ್ತೆ.

ಸರ್ಕಾರಿ, ಅನುದಾನಿತ ಶಾಲೆಗಳ ಮಕ್ಕಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ನಡೆಯುವ ತಪಾಸಣೆಯಲ್ಲಿ ದಂತ ಹುಳುಕೂ ಸೇರಿದೆ. ತಂಡ ಶಾಲೆಗೆ ಬಂದಾಗ ಮಗುವಿನ ಹಲ್ಲುನೋವಿನ ವಿಷಯ ತಪ್ಪದೆ ಹೇಳಿ. ಇವತ್ತು ರಾತ್ರಿ ಊಟಕ್ಕೆ ಕೂತಾಗ ನೀವೂ ಒಮ್ಮೆ ಕೇಳಿ: ‘ರೊಟ್ಟಿ ಅಗಿಯಾಕ ಆಗ್ತೈತೇನು?’