ಕಲ್ಲಿನ ಅಂಚಿಗೆ ಒಪ್ಪ

ದಾವಣಗೆರೆಯ ದೇವರಾಜ ಅರಸು ಬಡಾವಣೆಯಂಥ ಕಡೆ ಹೊಸ ಮನೆಯೊಂದು ಏಳುತ್ತಿರುವಾಗ, ಗಾರೆಯವರು ಹೋದ ಮೇಲೆ ಕಲ್ಲಿನವರು ಬರುತ್ತಾರೆ. ಅಡುಗೆಮನೆಯ ಕಟ್ಟೆಗೆ ಚಪ್ಪಡಿ ಹಾಸಿ, ಅದರ ಮುಂದಣ ಅಂಚನ್ನು ದುಂಡಗೆ ಮಾಡಿ, ಕನ್ನಡಿಯಂತೆ ಹೊಳೆಯಿಸುವುದು ಅವರ ಕೆಲಸ. ಓಣಿಯ ಉದ್ದಕ್ಕೂ ಕೇಳಿಸುವ ಆ ಕರ್ಕಶ ಸದ್ದಿಗೆ ಕಿವಿ ಮುಚ್ಚಿಕೊಂಡು ನಾವು ನಡೆದುಬಿಡುತ್ತೇವೆ. ಒಂದು ಗಳಿಗೆ ನಿಂತು ನೋಡಿದರೆ, ಶಾಲೆಯಲ್ಲಿ ಕಲಿತ ರೇಖಾಗಣಿತವೂ ಬೆಳಕಿನ ನಿಯಮಗಳೂ ಆ ಒಂದು ಮೊಳದ ಅಂಚಿನಲ್ಲಿ ಕೆಲಸ ಮಾಡುತ್ತಿರುವುದು ಕಾಣುತ್ತದೆ. ಕೆಲಸಗಾರನ ಆಯುಷ್ಯದ ಪ್ರಶ್ನೆಯೂ ಅಲ್ಲಿಯೇ ಇದೆ.

ಅಂಚನ್ನು ದುಂಡಗೆ ಮಾಡುವುದು ಅಂದಕ್ಕಾಗಿ ಮಾತ್ರವೇ ಅಲ್ಲ. ಕಲ್ಲು ಅದುಮುವ ಬಲವನ್ನು ಚೆನ್ನಾಗಿ ತಾಳುತ್ತದೆ, ಎಳೆಯುವ ಬಲವನ್ನು ತಾಳಲಾರದು. ಚೂಪಾದ ಮೂಲೆಗೆ ಪಾತ್ರೆಯ ತಳ ಬಡಿದರೆ, ಪೆಟ್ಟನ್ನು ಹಂಚಿಕೊಳ್ಳುವಷ್ಟು ಕಲ್ಲು ಅಲ್ಲಿರುವುದಿಲ್ಲ; ಚಕ್ಕೆ ಏಳುತ್ತದೆ. ದುಂಡಾದ ಅಂಚಿನಲ್ಲಿ ಅದೇ ಪೆಟ್ಟು ಒಳಗಿನ ಕಲ್ಲಿಗೆಲ್ಲ ಹರಡಿಹೋಗುತ್ತದೆ.

ಕಲ್ಲನ್ನು ದುಂಡಗೆ ಮಾಡಿ ಒಪ್ಪವಿಡುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ದಾವಣಗೆರೆಗೆ ಸಮೀಪದ ಹರಿಹರದಲ್ಲಿರುವ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದನು. ಅದರ ಮಂಟಪದ ಕಂಬಗಳು ತಿರುಗಣೆಯಲ್ಲಿ ಕಡೆದವು. ಕಲ್ಲು ಬಳಪದ ಜಾತಿಯದು. ಗಣಿಯಿಂದ ಬಂದಾಗ ಮೃದುವಾಗಿ ಉಳಿಗೆ ಮಣಿಯುತ್ತದೆ. ತಿರುಗಣೆಯಲ್ಲಿ ಕಲ್ಲು ಸುತ್ತುತ್ತದೆ, ಉಳಿ ನಿಂತಿರುತ್ತದೆ. ವೃತ್ತವು ತಾನಾಗಿಯೇ ಒದಗುತ್ತದೆ. ಅಡುಗೆಕಟ್ಟೆಯ ಚಪ್ಪಡಿಯನ್ನು ಹಾಗೆ ಸುತ್ತಿಸಲಾಗದು. ಇಲ್ಲಿ ಕಲ್ಲು ನಿಂತಿರುತ್ತದೆ. ವೃತ್ತವನ್ನು ಕೆಲಸಗಾರನ ಮಣಿಕಟ್ಟೇ ಹುಡುಕಿಕೊಳ್ಳಬೇಕು.

ಅವನು ಹುಡುಕುವ ಬಗೆ ಸ್ವಾರಸ್ಯವಾಗಿದೆ. 20 ಮಿಲಿಮೀಟರು ದಪ್ಪದ ಚಪ್ಪಡಿಗೆ ಪೂರ್ಣ ಅರ್ಧವೃತ್ತದ ಅಂಚು ಬೇಕೆಂದರೆ ತ್ರಿಜ್ಯ 10 ಮಿಲಿಮೀಟರು. ಆರಂಭದಲ್ಲಿ ಚೌಕ ಮೂಲೆಯ ತುದಿ ಆ ವೃತ್ತದಿಂದ 4.1 ಮಿಲಿಮೀಟರು ಹೊರಗಿರುತ್ತದೆ. ಮೂಲೆಯನ್ನು 45 ಡಿಗ್ರಿ ಓರೆಯಲ್ಲಿ, ವೃತ್ತವನ್ನು ಮುಟ್ಟುವವರೆಗೆ ಸವೆಸಿದರೆ, ಒಂದು ಮೂಲೆ ಹೋಗಿ ಎರಡು ಮೊಂಡು ಮೂಲೆಗಳು ಹುಟ್ಟುತ್ತವೆ. ಅವು ಹೊರಗಿರುವುದು 0.82 ಮಿಲಿಮೀಟರು. ಅವನ್ನೂ ಹಾಗೆಯೇ ಸವರಿದರೆ 0.2, ಇನ್ನೊಂದು ಸಲ ಸವರಿದರೆ 0.05 ಮಿಲಿಮೀಟರು. ಪ್ರತಿ ಸರದಿಗೂ ತಪ್ಪು ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ತ್ರಿಕೋನಮಿತಿ ಬಲ್ಲ ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕ ಹಾಕಿ ನೋಡಬಹುದು. ವೃತ್ತದ ಸುತ್ತಳತೆಯನ್ನು ಕಂಡುಹಿಡಿಯಲು ಆರ್ಕಿಮಿಡೀಸನು 96 ಭುಜಗಳ ಬಹುಭುಜಗಳವರೆಗೆ ಹೋದದ್ದೂ ಇದೇ ದಾರಿಯಲ್ಲಿ.

ತಪ್ಪು ಒಂದು ಕೂದಲೆಳೆಯ ದಪ್ಪಕ್ಕೆ ಇಳಿದ ಮೇಲೆ ಕೆಲಸ ಮುಗಿಯಿತೆನ್ನಬಹುದೆ? ಬೆರಳಿಗೆ ಮುಗಿದಂತೆಯೇ ಸರಿ, ಆದರೆ ಕಣ್ಣಿಗೆ ಮುಗಿದಿಲ್ಲ. ನುಣ್ಣನೆಯ ಮೈಯಲ್ಲಿ ಕಣ್ಣು ನೋಡುವುದು ಎತ್ತರವನ್ನಲ್ಲ, ಓರೆಯನ್ನು. ಕನ್ನಡಿ 1 ಡಿಗ್ರಿ ವಾಲಿದರೆ ಪ್ರತಿಫಲಿತ ಕಿರಣ 2 ಡಿಗ್ರಿ ಹೊರಳುತ್ತದೆ. ಮೂರು ಸರದಿ ಸವರಿದ ಮೇಲೂ ಪಕ್ಕಪಕ್ಕದ ಪಟ್ಟಿಗಳ ನಡುವೆ 11 ಡಿಗ್ರಿಗೂ ಮಿಕ್ಕ ಓರೆ ಉಳಿದಿರುತ್ತದೆ; ಕೊಳವೆದೀಪದ ಪ್ರತಿಬಿಂಬ ಅಲ್ಲಿ ತುಂಡುತುಂಡಾಗಿ ಒಡೆದು ಕಾಣುತ್ತದೆ. ಆದುದರಿಂದಲೇ ಆಮೇಲಿನ ಕೆಲಸಕ್ಕೆ ಗಟ್ಟಿ ಚಕ್ರವನ್ನು ಬಿಟ್ಟು, ಬಾಗುವ ರಾಳದ ಬಿಲ್ಲೆಯನ್ನು ಗ್ರೈಂಡರಿಗೆ ಸಿಕ್ಕಿಸುತ್ತಾರೆ. ವಜ್ರದ ಪುಡಿಯನ್ನು ಆ ರಾಳದಲ್ಲಿ ಕೂಡಿಸಿರುತ್ತದೆ. ಅದನ್ನು ಒಂದೆಡೆ ನಿಲ್ಲಿಸದೆ, ಅಂಚಿನ ಮೇಲಿಂದ ಕೆಳಕ್ಕೆ ತೂಗಾಡಿಸುತ್ತ ಸಾಗಬೇಕು. ಒಂದು ಕ್ಷಣ ಕೈ ತಡೆದರೆ ಅಲ್ಲೊಂದು ಚಪ್ಪಟೆ ಗುರುತು ನಿಲ್ಲುತ್ತದೆ.

ಬಿಲ್ಲೆಗಳಿಗೆ ನಂಬರುಗಳಿವೆ: 50, 100, 200, 400, 800, 1500, 3000. ನಂಬರು ಏರಿದಷ್ಟೂ ಹರಳು ಸಣ್ಣದು. 50ರ ಹರಳು ಸುಮಾರು ಮಿಲಿಮೀಟರಿನ ಮೂರನೆಯ ಒಂದು ಭಾಗ. 3000ದ್ದು ಸುಮಾರು 5 ಮೈಕ್ರಾನು, ಅಂದರೆ ಮಿಲಿಮೀಟರಿನ ಇನ್ನೂರನೆಯ ಒಂದು ಭಾಗ. ಹೊಳಪು ಎಂಬುದು ಮೇಲೆ ಬಳಿದ ವಸ್ತುವಲ್ಲ. ಬೆಳಕಿನ ತರಂಗದ ಉದ್ದ 0.4ರಿಂದ 0.7 ಮೈಕ್ರಾನು. ಗೀರುಗಳು ಇದಕ್ಕಿಂತ ಬಹಳ ಆಳವಾಗಿದ್ದರೆ ಬೆಳಕು ದಿಕ್ಕುಗೆಟ್ಟು ಚೆದರಿ, ಕಲ್ಲು ಮಂಕಾಗಿ ಕಾಣುತ್ತದೆ. ಇದಕ್ಕಿಂತ ಸಾಕಷ್ಟು ಕಿರಿದಾದರೆ ಅದು ನೇರವಾಗಿ ಮರಳಿ ಕನ್ನಡಿಯಾಗುತ್ತದೆ. ಹರಳು ಕೊರೆಯುವ ಆಳ ತನ್ನ ಗಾತ್ರದ ಒಂದು ಸಣ್ಣ ಅಂಶ ಮಾತ್ರವಾದ್ದರಿಂದ 5 ಮೈಕ್ರಾನಿನ ಹರಳಿಗೂ ಇದು ಸಾಧ್ಯ. ಆದರೆ ನಡುವೆ ಒಂದು ನಂಬರನ್ನು ಹಾರಿಸಿದವನಿಗೆ ಮೋಸ ಕಾದಿದೆ. 100ರ ಗೀರನ್ನು 200 ಅಳಿಸಬಲ್ಲುದು, 3000 ಅಳಿಸಲಾರದು. ಅದರ ಸುತ್ತಲಿನ ಕಲ್ಲನ್ನು ಹೊಳೆಯಿಸಿ ಗೀರನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ, ಅಷ್ಟೆ.

ಅಮೃತಶಿಲೆಯ ಕಾಠಿಣ್ಯ ಮೋಸ್ ಮಾಪನದಲ್ಲಿ 3. ಗ್ರಾನೈಟಿನ ಫೆಲ್ಡ್‌ಸ್ಪಾರಿಗೆ 6, ಸ್ಫಟಿಕಶಿಲೆಗೆ 7. ಆದುದರಿಂದ ಅಮೃತಶಿಲೆಯ ಅಂಚು ಬೇಗ ರೂಪಕ್ಕೆ ಬರುತ್ತದೆ, ಕಡೆಯಲ್ಲಿ ಆಕ್ಸಾಲಿಕ್ ಆಮ್ಲದ ಪುಡಿಯಿಂದ ತಿಕ್ಕಿದರೆ ಚೆನ್ನಾಗಿ ಹೊಳೆಯುತ್ತದೆ. ಆದರೆ ಅದು ಕ್ಯಾಲ್ಸಿಯಂ ಕಾರ್ಬೊನೇಟು. ನಿಂಬೆಯ ಹೋಳನ್ನೋ ಹುಣಿಸೆಯ ಕಿವುಚನ್ನೋ ಅದರ ಮೇಲಿಟ್ಟು ಮರೆತರೆ, ಆಮ್ಲ ಕಲ್ಲನ್ನು ತಿಂದು ಮಂಕು ಕಲೆ ಉಳಿಸುತ್ತದೆ. ಅದು ಕೊಳೆಯಲ್ಲ, ತೊಳೆದರೆ ಹೋಗದು, ಮತ್ತೆ ಒಪ್ಪವಿಡಬೇಕು. ಸಾರು, ಹುಳಿ, ಚಿತ್ರಾನ್ನಗಳ ನಮ್ಮ ಅಡುಗೆಮನೆಯಲ್ಲಿ ಗ್ರಾನೈಟು ಗೆದ್ದದ್ದು ಅಚ್ಚರಿಯಲ್ಲ.

ಆದರೆ ಗ್ರಾನೈಟಿನ ಗಟ್ಟಿತನಕ್ಕೆ ತೆರುವ ಬೆಲೆ ಬೇರೆಯವರದು. ಅದರಲ್ಲಿ ಸಾಮಾನ್ಯವಾಗಿ ಕಾಲುಭಾಗದಷ್ಟಾದರೂ ಸ್ಫಟಿಕ ರೂಪದ ಸಿಲಿಕಾ ಇರುತ್ತದೆ. ಒಣಗಿದ್ದಾಗಲೇ ಉಜ್ಜಿದರೆ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವ ದೊಡ್ಡ ಕಣಗಳು ಮೂಗು ಗಂಟಲುಗಳಲ್ಲಿಯೇ ನಿಲ್ಲುತ್ತವೆ. ಕಾಣದಿರುವ, 5 ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸಕೋಶದ ಗಾಳಿಗೂಡುಗಳ ತನಕ ಇಳಿಯುತ್ತವೆ. ಅವನ್ನು ನುಂಗಿದ ರಕ್ಷಕ ಕೋಶಗಳು ಜೀರ್ಣಿಸಲಾರದೆ ಸಾಯುತ್ತವೆ. ಆ ಜಾಗ ಗಾಯದ ಕಲೆಯಂತೆ ಗಡುಸಾಗುತ್ತದೆ. ಇದೇ ಸಿಲಿಕೋಸಿಸ್. ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿದವರಲ್ಲಿ ಇದನ್ನು 1930ರ ದಶಕದಲ್ಲಿಯೇ ಗುರುತಿಸಲಾಗಿತ್ತು. ಗಡುಸಾದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧ ಇಂದಿಗೂ ಇಲ್ಲ. ಸ್ಫಟಿಕದ ಪುಡಿಯನ್ನು ರಾಳದಿಂದ ಬೆಸೆದು ಮಾಡಿದ ಕೃತಕ ಚಪ್ಪಡಿಗಳಲ್ಲಂತೂ ಸಿಲಿಕಾ ನೂರಕ್ಕೆ ತೊಂಬತ್ತನ್ನು ಮೀರಬಹುದು. ಅಂಥವನ್ನು ಕತ್ತರಿಸುವ ಕೆಲಸಗಾರರಲ್ಲಿ ಎಳೆವಯಸ್ಸಿನಲ್ಲಿಯೇ ರೋಗ ಕಂಡುಬಂದುದರಿಂದ ಆಸ್ಟ್ರೇಲಿಯ ದೇಶವು 2024ರ ಜುಲೈ 1ರಿಂದ ಅವನ್ನು ನಿಷೇಧಿಸಿತು.

ಮುಖ್ಯವಾದ ಉಪಾಯ ಅತಿ ಸುಲಭದ್ದು: ನೀರು. ಬಿಲ್ಲೆಯ ಮೇಲೆ ಸಣ್ಣಗೆ ಹರಿಯುವ ನೀರು ಧೂಳನ್ನು ಹುಟ್ಟಿದಲ್ಲಿಯೇ ಬಹುಮಟ್ಟಿಗೆ ಹಿಡಿಯುತ್ತದೆ, ರಾಳ ಸುಡದಂತೆ ತಂಪಾಗಿಡುತ್ತದೆ, ಕಳಚಿಬಿದ್ದ ಒರಟು ಹರಳುಗಳನ್ನು ತೊಳೆದು ಹೊಸ ಗೀರು ಬೀಳದಂತೆ ಕಾಯುತ್ತದೆ. ಮನೆಯೊಳಗೆ ನೀರು ಚೆಲ್ಲಿದರೆ ಬಣ್ಣದ ಗೋಡೆ ಕೆಡುವುದೆಂದು ಮನೆಯ ಯಜಮಾನರು ಗೊಣಗುವುದನ್ನು ಕೇಳಿದ್ದೇನೆ. ವಿದ್ಯುತ್ತಿನ ಭಯವೂ ಸುಳ್ಳಲ್ಲ. ಹಾಗಾದರೆ ಅಳತೆ ಕೊಟ್ಟು, ಅಂಚನ್ನು ಕಲ್ಲಿನ ಅಂಗಡಿಯಲ್ಲಿಯೇ ನೀರು ಬಿಟ್ಟು ಮಾಡಿಸಿ ತರಿಸಬಹುದು. ಮೂಗಿಗೆ ಕಟ್ಟಿದ ವಸ್ತ್ರವನ್ನು ಮಾತ್ರ ನಂಬುವಂತಿಲ್ಲ. ಅದರ ನೂಲಿನ ಸಂದುಗಳು ಈ ಕಣಗಳಿಗೆ ಹೆಬ್ಬಾಗಿಲು. ನೀರಿನೊಡನೆ ಹರಿದ ಹಾಲಿನಂಥ ಬೂದು ಕೆಸರನ್ನೂ ಹಸಿಯಿರುವಾಗಲೇ ಬಳಿದು ತೆಗೆಯಬೇಕು. ಅಂಗಳದಲ್ಲಿ ಒಣಗಲು ಬಿಟ್ಟು ಮರುದಿನ ಪೊರಕೆಯಿಂದ ಗುಡಿಸಿದರೆ, ನೀರು ಹಿಡಿದಿಟ್ಟಿದ್ದ ಧೂಳು ಮತ್ತೆ ಗಾಳಿಗೆ ಏಳುತ್ತದೆ.